ಸ್ಲೋ ನಿಲ್ಲದ ಬೈಕು

ಪತ್ರಿಕೆಗಳಲ್ಲಿ ಲೇಖಕರು ‘ನಾವು’ ಎಂದು ಬರೆಯುವುದು ಬಹುಮಟ್ಟಿಗೆ ರೂಢಿಯ ಮಾತು. ಆದರೆ ಈ ಬರಹದಲ್ಲಿ ನಾವು ಎಂದರೆ ನಿಜವಾಗಿಯೂ ಇಬ್ಬರು. ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವಣ ಒಂದು ಕಣಿವೆಯಲ್ಲಿ ಒಂದೇ ಅಂಗಳವನ್ನು ಹಂಚಿಕೊಂಡು ಬಾಳುತ್ತಿರುವ ಅಣ್ಣತಮ್ಮಂದಿರು. ನಮ್ಮಲ್ಲಿ ಹಿರಿಯವರು ಕನ್ನಡ ಪಾಠ ಹೇಳಿ ನಿವೃತ್ತರಾದವರು, ಕಿರಿಯವರು ಅಡಿಕೆ ತೋಟವನ್ನು ನೋಡಿಕೊಂಡು ಬಂದವರು. ಒಬ್ಬರು ಹೇಳುತ್ತ ಒಬ್ಬರು ಬರೆಯುತ್ತ ಸಾಗುತ್ತಿರುವ ಈ ಲೇಖನದಲ್ಲಿ ಕಾಣುವ ತಪ್ಪುಗಳು ಇಬ್ಬರಿಗೂ ಸೇರಿದವು. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವುಂಟು. ಅದು ಮುಂದೆ ತಿಳಿಯುತ್ತದೆ.

ನಮ್ಮ ಮನೆ ತೋಡಿನ ಬದಿಯ ತಗ್ಗಿನಲ್ಲಿದೆ. ತೋಟವೂ ಅಲ್ಲಿಯೇ. ಹಿಂದಿನ ಗುಡ್ಡದ ಮೇಲೆ ಒಂದಿಷ್ಟು ಗೇರು, ಅದಕ್ಕೂ ಆಚೆ ರಬ್ಬರು, ನಡುವೆ ದನಗಳಿಗೆಂದು ಬೆಳೆಸಿದ ಹುಲ್ಲು. ಮೇಲೆ ಹೋಗುವ ದಾರಿ ಮುರಕಲ್ಲನ್ನು ಕಡಿದು ಮಾಡಿದ್ದು. ಬೇಸಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಪಾಚಿ. ಜೀಪು ಹತ್ತುವುದು ಕಷ್ಟ, ತಲೆಹೊರೆಯವರು ಈಗ ಸಿಕ್ಕುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಗುಡ್ಡದ ಸಾಗಾಟವೆಲ್ಲ ಒಂದು ಮುದಿ ಬೈಕಿನ ಮೇಲೆ ನಿಂತಿದೆ.

ಹಿರಿಯವರು ಶಾಲೆಗೆ ಹೋಗಿ ಬರಲೆಂದು 1996ರಲ್ಲಿ ಕೊಂಡ ನೂರು ಸಿಸಿಯ ವಾಹನವದು. ನೋಂದಣಿಯ ಅವಧಿ ಮುಗಿದ ಮೇಲೆ ರಸ್ತೆಗೆ ಇಳಿಸುವಂತಿರಲಿಲ್ಲ. ಗುಜರಿಗೆ ಕೊಡಲು ಮನಸ್ಸೂ ಬರಲಿಲ್ಲ. ಆಗ ಕಿರಿಯವರ ಮಗ, ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ಹುಡುಗ, ಅದನ್ನು ತನ್ನ ಕೈಗೆ ತೆಗೆದುಕೊಂಡ. ಕೆಳಗಿನ ಮಡ್‌ಗಾರ್ಡ್ ಕಳಚಿ ಮೇಲೊಂದು ಕಟ್ಟಿದ, ಗಡ್ಡೆಗಡ್ಡೆಯಾದ ಟಯರು ಹಾಕಿದ, ಹಿಂದಿನ ಚಕ್ರದ ಹಲ್ಲುಗಾಲಿಯನ್ನು ದೊಡ್ಡದು ಮಾಡಿದ. ವೇಗ ಕುಂದಿತು, ಏರುವ ಬಲ ಹೆಚ್ಚಿತು. ಕೆಸರಿನ ಪಂದ್ಯಗಳಲ್ಲಿ ಓಡುವ ಡರ್ಟ್ ಬೈಕಿನ ಬಡ ನೆಂಟನಂತೆ ಅದು ಕಾಣಿಸತೊಡಗಿತು. ಈ ನೆಂಟಸ್ತಿಕೆ ಬರಿಯ ಉಪಮೆಯಲ್ಲ. ಸಿಲಿಂಡರು ಮುಂದಕ್ಕೆ ಅಡ್ಡ ಮಲಗಿರುವ ಈ ಬಗೆಯ ಪುಟ್ಟ ಯಂತ್ರದ ಮೂಲಪುರುಷ 1958ರಲ್ಲಿ ಜಪಾನಿನಲ್ಲಿ ಹೊರಬಂದ ಹೊಂಡಾ ಸೂಪರ್ ಕಬ್. ಆ ಹೆಸರಿನ ವಾಹನಗಳು 2017ರ ಹೊತ್ತಿಗೆ ಹತ್ತು ಕೋಟಿ ಮುಟ್ಟಿದ್ದವು. ಹೊರದೇಶಗಳಲ್ಲಿ ಮಕ್ಕಳು ಮಣ್ಣಿನ ದಿಬ್ಬಗಳಲ್ಲಿ ಹಾರಿಸುವ ಸಣ್ಣ ಬೈಕುಗಳಲ್ಲಿಯೂ ಇದೇ ವಂಶದ ಯಂತ್ರವಿರುತ್ತದೆ.

2025ರ ಜೂನ್ ನಡುವಿನಲ್ಲಿ ಮಳೆ ಬಲಿತ ಮೇಲೆ ಬೈಕನ್ನು ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದೆವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಆ ತಿಂಗಳುಗಳಲ್ಲಿ ಮೈಲುತುತ್ತು, ಸುಣ್ಣ, ಕೊಳೆರೋಗ ಇವುಗಳಾಚೆಗೆ ಮನೆಯವರಿಗೆ ಬೇರೆ ಯೋಚನೆ ಇರುವುದಿಲ್ಲ. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲು ಹಾಗೆಯೇ ಇತ್ತು. ನಲ್ಲಿಯನ್ನು ಮುಚ್ಚಿದ್ದೆವೋ ಇಲ್ಲವೋ, ಇಬ್ಬರಿಗೂ ನೆನಪಿಲ್ಲ.

ಅಕ್ಟೋಬರಿನಲ್ಲಿ ಹೊರತೆಗೆದಾಗ ರೋಗ ಗೊತ್ತಾಯಿತು. ಚೋಕು ಎಳೆದು ಹತ್ತು ಸಲ ತುಳಿದರೆ ಬೈಕು ಹೊತ್ತಿಕೊಳ್ಳುತ್ತಿತ್ತು. ಎಕ್ಸಿಲರೇಟರು ತಿರುಗಿಸಿ ಹಿಡಿದರೆ ಚೆನ್ನಾಗಿಯೇ ಗರ್ಜಿಸುತ್ತಿತ್ತು. ಕೈ ಬಿಟ್ಟರೆ ಎರಡು ಕೆಮ್ಮು, ಮತ್ತೆ ಮೌನ. ಪವರ್ ಸ್ಪ್ರೇಯರು ರಿಪೇರಿಗೆಂದು ಮನೆಗೆ ಬಂದಿದ್ದ ಮೆಕ್ಯಾನಿಕ್ಕನು ದೂರದಿಂದಲೇ ಕಿವಿಗೊಟ್ಟು, “ಸ್ಲೋ ನಿಲ್ಕುನ್ನಿಲ್ಲಲ್ಲೋ ಮಾಷೇ” ಎಂದ. ನಮ್ಮ ಕಡೆಯ ಮೆಕ್ಯಾನಿಕ್ಕರು ಮಲಯಾಳದಲ್ಲಿ ಮಾತನಾಡಲಿ ತುಳುವಿನಲ್ಲಿ ಮಾತನಾಡಲಿ, ಇದಕ್ಕೆ ಹೇಳುವ ಶಬ್ದ ‘ಸ್ಲೋ’ ಒಂದೇ. ಪುಸ್ತಕದಲ್ಲಿ ಐಡ್ಲಿಂಗ್ ಎಂದಿದೆ. ಹಿರಿಯವರು ಇದಕ್ಕೊಂದು ಕನ್ನಡ ಪದ ಹುಡುಕಲು ಹೋಗಿ ‘ಆಲಸ್ಯಗತಿ’ ಎಂದು ಟಂಕಿಸಿ, ಮರುದಿನವೇ ಅದನ್ನು ಹಿಂದೆಗೆದುಕೊಂಡರು. ಯಂತ್ರವು ಆಲಸ್ಯದಲ್ಲಿರುವ ಹೊತ್ತಲ್ಲ ಅದು. ನಮ್ಮ ಬೈಕಿನ ಕೈಪಿಡಿಯ ಪ್ರಕಾರ ಸುಮ್ಮನೆ ನಿಂತಿರುವಾಗಲೂ ಯಂತ್ರವು ನಿಮಿಷಕ್ಕೆ 1400 ಸಲ ಸುತ್ತಬೇಕು. ನಾಲ್ಕು ಹೊಡೆತದ ಯಂತ್ರದಲ್ಲಿ ಎರಡು ಸುತ್ತಿಗೆ ಒಂದು ಸ್ಫೋಟ. ಎಂದರೆ ನಿಮಿಷಕ್ಕೆ 700, ಸೆಕೆಂಡಿಗೆ ಹನ್ನೆರಡರ ಹತ್ತಿರ. ಯಾರಿಗೂ ಉಪಯೋಗವಿಲ್ಲದೆ, ಯಾರೂ ಗಮನಿಸದೆ, ಕೇವಲ ಆರದಂತೆ ನಡೆಯುವ ದುಡಿಮೆ. ಮನೆಯ ಹೆಂಗಸರ ದುಡಿಮೆಯನ್ನು ಹೋಲುತ್ತದೆ ಎಂದು ಕಿರಿಯವರು ಹೇಳಿದಾಗ ಒಳಗಿನಿಂದ ಉತ್ತರ ಬರಲಿಲ್ಲ.

ಕಾರ್ಬ್ಯುರೇಟರಿನ ಬದಿಯಲ್ಲಿ ಒಂದು ಸ್ಕ್ರೂ ಇರುತ್ತದೆ. ಎಕ್ಸಿಲರೇಟರು ಪೂರ್ತಿ ಬಿಟ್ಟಾಗಲೂ ಗಾಳಿಯ ಬಾಗಿಲು ಎಲ್ಲಿಯವರೆಗೆ ಮುಚ್ಚಬಹುದು ಎಂಬುದನ್ನು ನಿಶ್ಚಯಿಸುವುದು ಅದರ ಕೆಲಸ. ಬಲಕ್ಕೆ ತಿರುಗಿಸಿದರೆ ಬಾಗಿಲು ತುಸು ತೆರೆದೇ ಉಳಿಯುತ್ತದೆ, ಬೈಕು ಆರುವುದಿಲ್ಲ. ಇದಕ್ಕಿಂತ ಸುಲಭದ ಚಿಕಿತ್ಸೆ ಯಾವುದಿದೆ? ಆದರೆ ಇದು ಚಿಕಿತ್ಸೆಯಲ್ಲ, ರೋಗಿಯ ಬಾಯಿ ಮುಚ್ಚಿಸುವ ಉಪಾಯ. ತಣ್ಣಗಿರುವಾಗ ಬೇಕೆನಿಸಿದ ತಿರುವು ಯಂತ್ರ ಬಿಸಿಯಾದಾಗ ಅತಿಯಾಗುತ್ತದೆ. ಆ ಮೇಲೆ ಇಳಿಜಾರಿನಲ್ಲಿ ಕೈ ಬಿಟ್ಟರೂ ಯಂತ್ರವು ವಾಹನವನ್ನು ಹಿಂದಕ್ಕೆ ಹಿಡಿಯುವ ಬದಲು ಮುಂದಕ್ಕೆ ನೂಕುತ್ತದೆ. ಗುಡ್ಡ ಇಳಿಯುವವರಿಗೆ ಬ್ರೇಕಿಗಿಂತ ಮೊದಲು ಆಸರೆಯಾಗುವುದು ಯಂತ್ರದ ಆ ಹಿಡಿತವೇ. ಇಷ್ಟೆಲ್ಲ ನಮಗೆ ಈಗ ತಿಳಿದಿದೆ.

ಅಕ್ಟೋಬರಿನ ಒಂದು ದಿನ ಬೆಳಗ್ಗೆ ಬೈಕು ಅಂಗಳದಲ್ಲಿ ಮೂರು ಸಲ ಆರಿತು. ಹಿರಿಯವರು ಸ್ಕ್ರೂವನ್ನು ಒಂದು ಸುತ್ತು ತಿರುಗಿಸಿ ಒಳಗೆ ಹೋದರು. ಮಧ್ಯಾಹ್ನ ಊಟವಾದ ಮೇಲೆ ಕಿರಿಯವರು, ಇದನ್ನರಿಯದೆ, ತಣ್ಣಗಾಗಿದ್ದ ಬೈಕನ್ನು ಹೊತ್ತಿಸಿ ನೋಡಿ, ಸಾಲದೆಂದು ಅರ್ಧ ಸುತ್ತು ತಿರುಗಿಸಿದರು. ಸಂಜೆ ಐದರ ಹೊತ್ತಿಗೆ ಹುಡುಗ ಹುಲ್ಲು ತರಲು ಗುಡ್ಡಕ್ಕೆ ಹೋದ. ಒಂದು ಮಳೆ ಬಂದು ನಿಂತಿತ್ತು. ಕಟ್ಟು ಹೇರಿಕೊಂಡು ಇಳಿಯುವಾಗ ಬೈಕು ಸಾಕಷ್ಟು ಬಿಸಿಯಾಗಿತ್ತು. ಗೇರುಮರದ ಕೆಳಗಿನ ತಿರುವಿನಲ್ಲಿ ಅವನು ಕೈ ಬಿಟ್ಟ, ಸದ್ದು ಇಳಿಯಲಿಲ್ಲ. ಹಿಂದಿನ ಬ್ರೇಕು ಒತ್ತಿದ. ಪಾಚಿಯ ಮೇಲೆ ಚಕ್ರ ಜಾರಿತು. ತೋಟದ ಕೆಲಸದವರು ಕೂಗಿದ್ದು ಕೇಳಿ ನಾವು ಓಡಿಹೋದಾಗ ಬೈಕು ಕೆಳಗೆ ಬಿದ್ದುಕೊಂಡೇ ಇನ್ನೂ ಕಿರುಚುತ್ತಿತ್ತು.

ಬಲಗಡೆಯ ಕೊರಳೆಲುಬು ಮುರಿದಿತ್ತು. ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡಿರಬೇಕೆಂದು ವೈದ್ಯರು ಹೇಳಿದರು. ನವೆಂಬರಿನಲ್ಲಿ ಇದ್ದ ಪ್ರಾಯೋಗಿಕ ಪರೀಕ್ಷೆ ಕೈತಪ್ಪಿತು. ಹುಡುಗ ಎಲ್ಲರೊಡನೆಯೂ ಹೇಳಿದ್ದು ಒಂದೇ ಮಾತು: “ಬ್ರೇಕು ಹಿಡಿದ ಕ್ರಮ ತಪ್ಪಿತು, ನನ್ನದೇ ತಪ್ಪು.” ಆಸ್ಪತ್ರೆಯ ಜಗಲಿಯಲ್ಲಿ ಕುಳಿತಿದ್ದಾಗ ಹಿರಿಯವರು ಮೆಲ್ಲನೆ, “ಬೆಳಗ್ಗೆ ಆ ಸ್ಕ್ರೂವನ್ನು ಸ್ವಲ್ಪ ತಿರುಗಿಸಿದ್ದೆ” ಎಂದರು. ಕಿರಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣ, ಮಧ್ಯಾಹ್ನ ನಾನೂ” ಎಂದರು. ಅನಂತರ ಮನೆಗೆ ಬರುವವರೆಗೆ ನಾವು ಬೇರೆ ಮಾತನಾಡಲಿಲ್ಲ.

ಹುಡುಗನ ತಾಯಿ ಬೈಕನ್ನು ಆ ವಾರವೇ ಗುಜರಿಗೆ ಕೊಡಬೇಕೆಂದರು. ಬೈಕು ಹೋದರೆ ಸ್ಕ್ರೂವೂ ಅದರೊಡನೆ ಹೋಗುತ್ತದೆ; ಆ ಆಲೋಚನೆ ಒಂದು ಕ್ಷಣ ನಮಗೆ ಹಿತವಾಗಿಯೇ ತೋರಿತೆಂಬುದನ್ನು ಮುಚ್ಚಿಡಲಾರೆವು. ಬೇಡವೆಂದವನು ಹುಡುಗನೇ. “ಸ್ಲೋ ನಿಲ್ಲದ್ದಕ್ಕೆ ಏನು ಕಾರಣವೆಂದು ಒಮ್ಮೆ ನೋಡುವ. ಆಮೇಲೆ ಕೊಡುವುದಿದ್ದರೆ ಕೊಡಿ” ಎಂದ. ಅವನ ಬಲಗೈ ಕಟ್ಟಿತ್ತು. ಆದ್ದರಿಂದ ಕೈಗಳು ನಮ್ಮವು, ಕಣ್ಣು ಅವನದು ಎಂದು ಒಪ್ಪಂದವಾಯಿತು. ನವೆಂಬರಿನ ಒಂದು ಭಾನುವಾರ ಕೊಟ್ಟಿಗೆಯ ಮುಂದೆ ಗೋಣಿಚೀಲ ಹಾಸಿ ಕುಳಿತೆವು.

ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಎಂಬುದು ಅವನ ಕ್ರಮ. ಹಳೆಯ ಪೆಟ್ರೋಲನ್ನು ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದಾಗ ತಳದಲ್ಲಿ ಬೇರೆಯೇ ಒಂದು ಪದರ ನಿಂತಿತ್ತು. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಸೇರಿದೆಯೆಂಬುದು ವಾಚಕರಿಗೆ ತಿಳಿದದ್ದೇ. ಎಥನಾಲಿಗೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ, ಮಿತಿಮೀರಿದರೆ ನೀರನ್ನೂ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಳೆಯ ವಾಹನಗಳ ರಬ್ಬರಿಗೂ ಅದು ಅಷ್ಟೇನೂ ಹಿತವಲ್ಲ. ಊರಿನಲ್ಲಿ ಈಗ ಯಾವ ಬೈಕು ಕೆಟ್ಟರೂ ಪೆಟ್ರೋಲನ್ನು ಬೈಯುವುದು ರೂಢಿಯಾಗಿದೆ. ನಾವೂ ಬೈದೆವು. ಆದರೆ ನಾಲ್ಕು ತಿಂಗಳು ಮಳೆಯಲ್ಲಿ ಟ್ಯಾಂಕು ಅರ್ಧ ಖಾಲಿಯಿಟ್ಟು ಮರೆತವರು ಯಾರು?

ಗಾಳಿಯ ಫಿಲ್ಟರಿನಲ್ಲಿ ಕಣಜದ ಹುಳು ಮಣ್ಣಿನ ಮನೆ ಕಟ್ಟಿತ್ತು, ಒಡೆದು ತೆಗೆದೆವು. ಪ್ಲಗ್ಗಿನ ತುದಿ ಬೆಳ್ಳಗಿತ್ತು. ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು ಎಂಬುದಕ್ಕೆ ಅದು ಗುರುತಂತೆ.

ಅನಂತರ ಟ್ಯಾಪೆಟ್ಟು. ಇದನ್ನು ಯಂತ್ರ ಪೂರ್ತಿ ತಣ್ಣಗಿರುವಾಗಲೇ ನೋಡಬೇಕು. ಚಕ್ರದ ಮೇಲಿನ ‘ಟಿ’ ಗುರುತನ್ನು ಸರಿಹೊಂದಿಸಿ, ಎರಡು ವಾಲ್ವುಗಳೂ ಮುಚ್ಚಿರುವ ಸ್ಥಿತಿಯಲ್ಲಿ, ತೆಳ್ಳನೆಯ ಅಳತೆಪಟ್ಟಿಯನ್ನು ತೂರಿಸಬೇಕು. ನಮ್ಮ ಬೈಕಿಗೆ ಬೇಕಾದ ಸಂದು 0.05 ಮಿಲಿಮೀಟರು. ಒಳಬರುವ ವಾಲ್ವಿನಲ್ಲಿ ಪಟ್ಟಿ ತೂರಿತು, ಹೊಗೆಯ ವಾಲ್ವಿನಲ್ಲಿ ತೂರಲೇ ಇಲ್ಲ. ಟ್ಯಾಪೆಟ್ಟು ಸದ್ದು ಮಾಡದಿದ್ದರೆ ಒಳ್ಳೆಯದೆಂದು ನಾವು ಇಷ್ಟು ವರ್ಷ ನಂಬಿದ್ದೆವು. ಕಟಕಟ ಎನ್ನುವುದು ಸಡಿಲವಾದದ್ದು, ಅದರಿಂದ ತತ್‌ಕ್ಷಣದ ಕೇಡಿಲ್ಲ. ಬಿಗಿಯಾದದ್ದೇ ಅಪಾಯ, ಬಿಸಿಯಾದಾಗ ಉಕ್ಕು ಹಿಗ್ಗಿ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಒತ್ತಡ ಸೋರುತ್ತದೆ, ವೇಗದಲ್ಲಿ ತಿಳಿಯದ ಆ ಸೋರಿಕೆ ಸ್ಲೋದಲ್ಲಿ ಯಂತ್ರವನ್ನು ಆರಿಸುತ್ತದೆ. ಹಿರಿಯವರ ಕೈ ನಡುಗಿದ್ದರಿಂದ ಕಿರಿಯವರು ಅದನ್ನು ಸರಿಪಡಿಸಿದರು. ಮೂರು ಸಲ ಮಾಡಬೇಕಾಯಿತು. ನಟ್ಟು ಬಿಗಿಯುವಾಗ ಸಂದು ಪ್ರತಿಸಲವೂ ಓಡಿಹೋಗುತ್ತಿತ್ತು.

ಕಾರ್ಬ್ಯುರೇಟರು ಬಿಚ್ಚಿದಾಗ ಅಸಲು ಕಳ್ಳ ಸಿಕ್ಕಿದ. ತಳದ ಬಟ್ಟಲಿನಲ್ಲಿ ಹಸುರು ಪುಡಿ, ಅದರ ನಡುವೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳಾಡುವ ನೀರು. ಒಳಗೆ ಹಿತ್ತಾಳೆಯ ಎರಡು ಚಿಕ್ಕ ಜೆಟ್ಟುಗಳು. ಮೈನ್ ಜೆಟ್ಟನ್ನು ಸೂರ್ಯನಿಗೆ ಹಿಡಿದರೆ ದುಂಡಗೆ ಬೆಳಕು ಕಂಡಿತು. ಸ್ಲೋ ಜೆಟ್ಟಿನಲ್ಲಿ ಕತ್ತಲೆ. ಅರ್ಧ ಮಿಲಿಮೀಟರಿಗಿಂತಲೂ ಸಣ್ಣದಾದ ಆ ತೂತಿನಲ್ಲಿ, ಆವಿಯಾಗಿ ಹೋದ ಪೆಟ್ರೋಲು ತನ್ನ ಅಂಟನ್ನು ಬಿಟ್ಟುಹೋಗಿತ್ತು. ಬೈಕು ಓಡುವಾಗ ದೊಡ್ಡ ಜೆಟ್ಟು ಉಣಿಸುತ್ತದೆ. ಕೈ ಬಿಟ್ಟಾಗ ಯಂತ್ರವು ಈ ಒಂದು ತೂತಿನ ಅನ್ನದಲ್ಲಿಯೇ ಬದುಕಬೇಕು. ಗರ್ಜಿಸಬಲ್ಲ ಬೈಕು ನಿಲ್ಲಲಾರದೆ ಹೋದ ರಹಸ್ಯ ಇಷ್ಟೇ.

ಕಿರಿಯವರು ಪಂಚೆಗೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನನ್ನು ತೆಗೆದದ್ದೇ ತಡ, ಹುಡುಗ ಎಡಗೈಯಿಂದ ಅವರ ಮಣಿಕಟ್ಟು ಹಿಡಿದ. ಹಿತ್ತಾಳೆ ಮೆದು; ಉಕ್ಕಿನ ಸೂಜಿ ತೂತನ್ನು ಅಗಲ ಮಾಡಿಬಿಡುತ್ತದೆ, ಆ ಮೇಲೆ ಯಾವ ಲೆಕ್ಕವೂ ಕೂಡುವುದಿಲ್ಲ. ಕಾರ್ಬ್ಯುರೇಟರು ತೊಳೆಯುವ ದ್ರವದಲ್ಲಿ ರಾತ್ರಿಯೆಲ್ಲ ನೆನೆಹಾಕಿ, ವಿದ್ಯುತ್ ತಂತಿಯೊಳಗಿನ ಒಂದೆಳೆ ತಾಮ್ರದಿಂದ ಮೆಲ್ಲನೆ ಬಿಡಿಸಿ, ಸೈಕಲ್ ಪಂಪಿನಿಂದ ಊದಿದೆವು. ಮರುದಿನ ಬೆಳಗ್ಗೆ ಸಾಸಿವೆಯ ಕಾಲುಭಾಗದಷ್ಟು ಬೆಳಕು ಕಂಡಿತು. ಮೂವರೂ ಸರದಿಯಲ್ಲಿ ನೋಡಿದೆವು.

ಯಂತ್ರಕ್ಕೂ ಕಾರ್ಬ್ಯುರೇಟರಿಗೂ ನಡುವಿನ ಜೋಡಣೆಯಲ್ಲಿ ಒಂದು ರಬ್ಬರಿನ ಉಂಗುರವಿದೆ. ಅದು ಚಪ್ಪಟೆಯಾಗಿ ಸೀಳಿತ್ತು. ಅಲ್ಲಿಂದ ಕಳ್ಳಗಾಳಿ ಒಳಹೋಗುತ್ತಿದ್ದುದರಿಂದಲೇ ಬಿಸಿಯಾದ ಬೈಕು ಕೈ ಬಿಟ್ಟರೂ ಸದ್ದು ಇಳಿಸದೆ ಹಟ ಹಿಡಿಯುತ್ತಿತ್ತು. ಬದಿಯಡ್ಕದಿಂದ ಹೊಸದನ್ನು ತಂದು ಕೂರಿಸಿದೆವು. ಯಂತ್ರ ಚಾಲೂ ಇರುವಾಗ ಜೋಡಣೆಯ ಮೇಲೆ ಸೋಪಿನ ನೀರು ಸಿಂಪಡಿಸಿದರೆ ಸದ್ದಿನಲ್ಲಿ ವ್ಯತ್ಯಾಸವಾಗಬಾರದು. ಆದರೆ ಅಲ್ಲಿ ಇನ್ನೂ ಸೋರಿಕೆಯಿದೆ ಎಂದರ್ಥ.

ಮರುಜೋಡಿಸುವ ಮುನ್ನ ಹುಡುಗ ಬಾಗಿಲಿನ ಸ್ಕ್ರೂವನ್ನು ಹೊರತಿರುಗಿಸುತ್ತ ಸುತ್ತುಗಳನ್ನು ಎಣಿಸುತ್ತಿದ್ದ. ಎಣಿಕೆ ನಿಲ್ಲಿಸಿ ಕೇಳಿದ: “ಇದನ್ನು ಇಷ್ಟು ಒಳಗೆ ಹಾಕಿದ್ದು ಯಾರು? ನಾನು ಇಟ್ಟಿದ್ದು ಹೀಗಲ್ಲ.”

ಹಿರಿಯವರು ಕಿರಿಯವರ ಮುಖ ನೋಡಿದರು, ಕಿರಿಯವರು ಸ್ಪ್ಯಾನರಿನ ಮುಖ ನೋಡಿದರು. ಆ ಮೇಲೆ ಇಬ್ಬರೂ ಒಟ್ಟಿಗೆ, “ನಾವು” ಎಂದೆವು. ಬೆಳಗಿನ ಒಂದು ಸುತ್ತನ್ನೂ ಮಧ್ಯಾಹ್ನದ ಅರ್ಧ ಸುತ್ತನ್ನೂ ಹೇಳಿದೆವು. ಅವನು ತನ್ನ ಕಟ್ಟಿದ ಕೈಯನ್ನೊಮ್ಮೆ, ಗುಡ್ಡದ ದಾರಿಯನ್ನೊಮ್ಮೆ ನೋಡಿದ. ಕೋಪವಿತ್ತು, ಇರಲಿಲ್ಲವೆಂದರೆ ಸುಳ್ಳಾದೀತು. ಎದ್ದು ಹೋಗಿ ತೋಡಿನ ಬದಿಯಲ್ಲಿ ನಿಂತು ಬಂದ. ಬಂದವನು, “ಅಂದರೆ ಬ್ರೇಕು ಹಿಡಿದದ್ದು ಸರಿಯಾಗಿಯೇ ಇತ್ತು” ಎಂದ. ಇಷ್ಟು ದಿನ ಅವನನ್ನು ಕೊರೆಯುತ್ತಿದ್ದುದು ಎಲುಬಿನ ನೋವಲ್ಲವೆಂದು ನಮಗೆ ಹೊಳೆದದ್ದು ಆಗ. ಒಂದು ತಿಂಗಳು ಹುಡುಗ ತನ್ನ ಕೈಯನ್ನೇ ಶಂಕಿಸುತ್ತ ಮಲಗಿದ್ದ, ನಾವು ಪಕ್ಕದಲ್ಲಿ ಕುಳಿತು ಗಂಜಿ ಕುಡಿಸುತ್ತಿದ್ದೆವು.

ಕೊನೆಯ ಹೊಂದಾಣಿಕೆಯನ್ನು ಅವನು ಎಡಗೈಯಲ್ಲಿ ತಾನೇ ಮಾಡಿದ. ಅಂಗಳದಲ್ಲಿ ಕಿರಿಯವರು ಹತ್ತು ನಿಮಿಷ ಓಡಿಸಿ ಯಂತ್ರವನ್ನು ಬಿಸಿ ಮಾಡಿದರು. ಗಾಳಿಯ ಸ್ಕ್ರೂವನ್ನು ಮೃದುವಾಗಿ ತಳಮುಟ್ಟಿಸಿ ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಕಾಲು ಕಾಲು ಸುತ್ತಾಗಿ ಅತ್ತಿತ್ತ ಸರಿಸಿ, ಸದ್ದು ಎಲ್ಲಿ ಅತಿ ಹೆಚ್ಚು ಏರಿ ಸಮವಾಗುತ್ತದೆಯೋ ಅಲ್ಲಿ ನಿಲ್ಲಿಸಿದ. ಫಿಲ್ಟರಿನ ಬದಿಗಿರುವ ಸ್ಕ್ರೂವಾದರೆ ಅದು ಗಾಳಿಯದು, ಒಳಹಾಕಿದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಯಂತ್ರದ ಬದಿಗಿದ್ದರೆ ಅದು ಪೆಟ್ರೋಲಿನದು, ಲೆಕ್ಕ ತಿರುಗುಮುರುಗು. ನಮ್ಮದು ಗಾಳಿಯದು. ಆ ಮೇಲೆಯೇ ಬಾಗಿಲಿನ ಸ್ಕ್ರೂವನ್ನು ಇಳಿಸಿದ. ಸುತ್ತು ತೋರಿಸುವ ಮುಳ್ಳು ಈ ಬೈಕಿಗಿಲ್ಲ. ಸದ್ದು ಕೇಳಿ ಎಣಿಸುವ ಒಂದು ಉಪಾಯ ಅವನ ಮೊಬೈಲಿನಲ್ಲಿತ್ತು. ಹಿರಿಯವರಿಗೆ ಅದರ ಅಗತ್ಯ ಬೀಳಲಿಲ್ಲ. 1996ರಲ್ಲಿ ಶಾಲೆಯ ಗೇಟಿನ ಮುಂದೆ ಕೇಳುತ್ತಿದ್ದ ಸದ್ದನ್ನು ಅವರು ಕಣ್ಣು ಮುಚ್ಚಿ ಗುರುತಿಸಿದರು.

ಪರೀಕ್ಷೆಯನ್ನು ಹುಡುಗ ಮುಂದಿನ ಸಲ ಬರೆಯುತ್ತಾನೆ. ಬಲಗೈ ಈಗ ತಲೆಯ ಮೇಲಕ್ಕೆ ಏರುತ್ತದೆ. ಬೈಕು ಗುಡ್ಡ ಹತ್ತುತ್ತಿದೆ, ಇಳಿಯುವಾಗ ತಗ್ಗಿದ ದನಿಯಲ್ಲಿ ಗೊಣಗುತ್ತ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ.

ಅವನ ತಾಯಿಗೆ ಮಾತ್ರ ನಾವು ಹೇಳಿರಲಿಲ್ಲ. ಈ ಪತ್ರಿಕೆ ಮನೆಗೆ ಬರುತ್ತದೆ, ಅವರು ಓದುತ್ತಾರೆ. ಆದ್ದರಿಂದ ಲೇಖನವನ್ನು ಅಂಚೆಗೆ ಹಾಕುವ ಮುನ್ನ, ಅವರು ಚಾವಡಿಯಲ್ಲಿ ಹಪ್ಪಳಕ್ಕೆಂದು ಹಲಸಿನ ಸೊಳೆ ಬಿಡಿಸುತ್ತಿದ್ದಾಗ, ಇಬ್ಬರೂ ಎದುರು ಕುಳಿತು ಪೂರ್ತಿ ಓದಿ ಹೇಳಿದೆವು. ಅವರು ತಲೆಯೆತ್ತಲಿಲ್ಲ.

“ಬೆಳಗ್ಗೆ ಭಾವ ಕೊಟ್ಟಿಗೆಗೆ ಹೋದದ್ದನ್ನೂ ನೋಡಿದ್ದೆ, ಮಧ್ಯಾಹ್ನ ಇವರು ಹೋದದ್ದನ್ನೂ ನೋಡಿದ್ದೆ. ನೀವಾಗಿ ಹೇಳುತ್ತೀರೋ ಎಂದು ಕಾದೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಹುಲ್ಲು ತರುವುದಿದ್ದರೆ ಮಳೆ ಹಿಡಿಯುವ ಮೊದಲು ತಂದುಹಾಕಲಿ. ಆಮೇಲೆ ಟ್ಯಾಂಕು ಖಾಲಿ ಮಾಡಿ ಇಡಿ” ಎಂದು ಸೇರಿಸಿ, ಅಂಟು ಹತ್ತಿದ ಕೈಗೆ ಎಣ್ಣೆ ಹಚ್ಚಿಕೊಂಡರು.